ಗಾಡಿ ತಲುಪುವ ಮೊದಲಿನ ನಿಮಿಷಗಳು: ಪ್ಯಾರಾಮೆಡಿಕ್ ಆಗಿ ನನ್ನ ಅನುಭವ

ಆಂಬುಲೆನ್ಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸೈರನ್ ಮತ್ತು ವೇಗ. ನಾನು ಪ್ಯಾರಾಮೆಡಿಕ್ ಆಗಿ ಗಾಡಿಯಲ್ಲೂ ಓಡಾಡಿದ್ದೇನೆ, ಕಂಟ್ರೋಲ್ ರೂಮಿನಲ್ಲಿ ಕೂತು ಕರೆಗಳನ್ನೂ ತೆಗೆದುಕೊಂಡಿದ್ದೇನೆ. ನನ್ನ ಪ್ರಕಾರ ಜೀವ ಉಳಿಯುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಸಲ ಗಾಡಿ ತಲುಪುವ ಮೊದಲೇ ತೀರ್ಮಾನ ಆಗಿರುತ್ತದೆ.

ಶಿಫ್ಟ್ ಶುರುವಾದ ತಕ್ಷಣ ಗಾಡಿಯ ಸಾಮಾನು ನೋಡಬೇಕು. ಆಕ್ಸಿಜನ್ ಸಿಲಿಂಡರಿನಲ್ಲಿ ಎಷ್ಟಿದೆ, ಗಂಟಲಿನಲ್ಲಿ ತುಂಬಿದ ವಾಂತಿ, ರಕ್ತ ಹೀರಿ ತೆಗೆಯುವ ಸಕ್ಷನ್ ಮಶೀನ್ ಸರಿಯಾಗಿ ಎಳೆಯುತ್ತಾ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರಿನ ಬ್ಯಾಟರಿ ತುಂಬಿದೆಯಾ, ಎದೆಗೆ ಅಂಟಿಸುವ ಅದರ ಪ್ಯಾಡ್‌ಗಳ ಅವಧಿ ಮುಗಿದಿಲ್ಲ ತಾನೆ? ಹಿಂದಿನ ಶಿಫ್ಟಿನವರು ಎಲ್ಲ ಸರಿ ಇದೆ ಅಂದರೂ ನಾನು ಒಂದೊಂದನ್ನೂ ಕೈಯಲ್ಲಿ ಹಿಡಿದೇ ನೋಡುತ್ತೇನೆ. ಅದರಲ್ಲೂ ಮಕ್ಕಳ ಅಳತೆಯ ಮಾಸ್ಕ್. ಅದು ಬೇಕಾಗುವುದು ಅಪರೂಪ, ಹಾಗಾಗಿ ಕಾಣೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ದೊಡ್ಡ ಪ್ರದೇಶಕ್ಕೆ ಗಾಡಿಗಳು ಯಾವಾಗಲೂ ಕಡಿಮೆಯೇ. ಒಂದು ಗಾಡಿ ಕರೆಗೆ ಹೊರಟರೆ ಅದರ ಜಾಗ ಖಾಲಿ ಆಗುತ್ತದೆ. ಆಗ ಪಕ್ಕದ ಗಾಡಿಯನ್ನು ಎರಡೂ ಕಡೆಗೆ ಹತ್ತಿರವಾಗುವ ಕಡೆ ತಂದು ನಿಲ್ಲಿಸುತ್ತಾರೆ. ದಾರಿ ಬದಿಯಲ್ಲಿ ಆಂಬುಲೆನ್ಸ್ ಸುಮ್ನೆ ನಿಂತಿದೆ ಅಂತ ಅನಿಸಬಹುದು. ಅದು ಅಲ್ಲಿ ಕಾವಲು ನಿಂತಿರುತ್ತದೆ.

ಕರೆ ಬಂದಾಗ ನಾವು ಮೊದಲು ಕೇಳುವುದು ಜಾಗ ಯಾವುದು ಅಂತ. ಲೈನ್ ಮಧ್ಯದಲ್ಲೇ ಕಟ್ ಆದರೂ ಗಾಡಿ ಕಳಿಸಬಹುದಲ್ವಾ? ಆಮೇಲೆ ಫೋನ್ ನಂಬರ್. ನಂತರ ಎರಡು ಪ್ರಶ್ನೆ: ಪ್ರಜ್ಞೆ ಇದೆಯಾ, ಉಸಿರಾಡುತ್ತಿದ್ದಾರಾ? ಎರಡಕ್ಕೂ ಇಲ್ಲ ಅಂದರೆ ಪಕ್ಕದಲ್ಲಿ ಕೂತವರು ಗಾಡಿ ಹೊರಡಿಸಿ ಆಗಿರುತ್ತದೆ. ಪ್ರಶ್ನೆ ಕೇಳುವವರು ಬೇರೆ, ಗಾಡಿ ಕಳಿಸುವವರು ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಕಿರುಚುತ್ತಾರೆ, "ಪ್ರಶ್ನೆ ಸಾಕು, ಮೊದಲು ಗಾಡಿ ಕಳ್ಸಿ!" ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ಪ್ರಶ್ನೆಗಳಿಂದ ಒಂದು ಸೆಕೆಂಡೂ ತಡವಾಗುವುದಿಲ್ಲ.

ಒಂದು ಕರೆಯನ್ನು ಇಲ್ಲಿ ಹೇಳಲೇಬೇಕು. ಮಗ ಫೋನ್ ಮಾಡಿದ್ದ, ತಂದೆ ಕುಸಿದು ಬಿದ್ದಿದ್ದರು. "ಉಸಿರಾಡ್ತಿದ್ದಾರೆ ಸರ್, ಗೊರಕೆ ಥರ ಬರ್ತಿದೆ" ಅಂದ. ನಾನು ಹೇಳಿದೆ, "ಅವರು ಉಸಿರು ಎಳೆದಾಗಲೆಲ್ಲ 'ಈಗ' ಅನ್ನಿ." ಅವನು "ಈಗ" ಅಂದ. ನಾನು ಕಾದೆ. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು "ಈಗ" ಬಂತು. ಅದು ಉಸಿರಾಟ ಅಲ್ಲ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಹೀಗೆ ಆಗಾಗ ಬಾಯಿ ತೆರೆದು ಏದುವುದು ಉಂಟು. ಮನೆಯವರು ಅದನ್ನೇ ಉಸಿರು ಅಂದುಕೊಂಡು ಕಾಯುತ್ತಾ ಕೂರುತ್ತಾರೆ.

"ಅವರನ್ನು ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ಮಧ್ಯ ಅಂಗೈ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಜೋರಾಗಿ ಒತ್ತಿ, ಬಿಡಿ." ನಾನು ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದೆ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಸ್ವಲ್ಪ ಹೊತ್ತಿಗೆ ಅವನ ದನಿ ನಡುಗಿತು. "ಏನೋ ಮುರಿದ ಹಾಗಾಯ್ತು ಸರ್." "ಆಗ್ಲಿ, ನಿಲ್ಲಿಸ್ಬೇಡಿ" ಅಂದೆ. ಪಕ್ಕೆಲುಬು ಕೂಡಿಕೊಳ್ಳುತ್ತದೆ. ಎದೆ ಒತ್ತುವವರು ಯಾರೂ ಇಲ್ಲದಿದ್ದರೆ, ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ನಮ್ಮವರು ಹೋಗಿ ಪ್ಯಾಡ್ ಅಂಟಿಸಿದಾಗ ಹೃದಯ ಇನ್ನೂ ಶಾಕ್‌ಗೆ ಸ್ಪಂದಿಸುವ ಸ್ಥಿತಿಯಲ್ಲಿತ್ತು. ನಾಡಿ ಮರಳಿ ಬಂತು. ಅಲ್ಲಿಯವರೆಗೆ ತಂದೆಯ ಮಿದುಳಿಗೆ ರಕ್ತ ಹರಿಸಿದ್ದು ಆ ಮಗನ ಕೈಗಳು.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ 1966ರಲ್ಲಿ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಹತ್ತಿಸಿದ್ದೂ ಇದೇ ಕಾರಣಕ್ಕೆ. ಹೃದಯಾಘಾತವಾದ ಬಹಳಷ್ಟು ಜನ ಆಸ್ಪತ್ರೆ ತಲುಪುವ ಮೊದಲೇ ಸಾಯುತ್ತಿದ್ದರು. ಕಾರಿನ ಬ್ಯಾಟರಿಗಳಿಂದ ನಡೆಯುತ್ತಿದ್ದ ಆ ಯಂತ್ರ ಸುಮಾರು 70 ಕಿಲೋ ತೂಗುತ್ತಿತ್ತು. ಈಗ ಒಂದೇ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತೇವೆ.

ಸ್ಥಳಕ್ಕೆ ಹೋದ ಮೇಲೆ ಎಲ್ಲರನ್ನೂ ಎತ್ತಿಕೊಂಡು ಓಡುವುದಿಲ್ಲ. ಹೃದಯ ನಿಂತಿದ್ದರೆ ಅಲ್ಲೇ ಕೂತು ಕೆಲಸ ಮಾಡುತ್ತೇವೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಅಲ್ಲಿ ನಿಲ್ಲುವುದೇ ತಪ್ಪು, ಅವರಿಗೆ ಬೇಕಾಗಿರುವುದು ಆಪರೇಷನ್.

ಪಾರ್ಶ್ವವಾಯು ಅಂತ ಅನುಮಾನ ಬಂದರೆ ಮೊದಲು ಬೆರಳು ಚುಚ್ಚಿ ಶುಗರ್ ನೋಡುತ್ತೇನೆ. ಶುಗರ್ ತೀರಾ ಇಳಿದಾಗಲೂ ಮಾತು ತೊದಲುತ್ತದೆ, ಒಂದು ಕೈ ಸೋಲುತ್ತದೆ. ಅಂಥವರಿಗೆ ನರಕ್ಕೆ ಗ್ಲೂಕೋಸ್ ಕೊಟ್ಟರೆ ಕೆಲವೇ ನಿಮಿಷದಲ್ಲಿ ಎದ್ದು ಕೂತು ಏನಾಯ್ತು ಅಂತ ಕೇಳುತ್ತಾರೆ. ಶುಗರ್ ಸರಿ ಇದ್ದರೆ ಮುಂದಿನ ಪ್ರಶ್ನೆ, "ಇವರು ಸರಿಯಾಗಿದ್ದದ್ದನ್ನು ಕೊನೆಗೆ ಯಾವಾಗ ನೋಡಿದ್ರಿ?" ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಲೆಕ್ಕ ಶುರುವಾಗುವುದು ಆ ಹೊತ್ತಿನಿಂದ. ಮಿದುಳಿನಲ್ಲಿ ರಕ್ತ ಸೋರುತ್ತಿಲ್ಲ ಅಂತ ಸ್ಕ್ಯಾನ್ ಮಾಡಿ ನೋಡದೆ ಆ ಇಂಜೆಕ್ಷನ್ ಕೊಡುವಂತಿಲ್ಲ, ಹಾಗಾಗಿ ಸಿಟಿ ಸ್ಕ್ಯಾನ್ ಇಲ್ಲದ ಆಸ್ಪತ್ರೆ ಹತ್ತಿರದಲ್ಲೇ ಇದ್ದರೂ ಅದನ್ನು ದಾಟಿ ಹೋಗುತ್ತೇವೆ. ಮನೆಯವರಿಗೆ ಸಿಟ್ಟು ಬರುತ್ತದೆ. ಗಾಡಿ ಓಡುತ್ತಿರುವಾಗಲೇ ಅವರಿಗೆ ಕಾರಣ ಹೇಳುತ್ತೇನೆ, ಅದೂ ನನ್ನ ಕೆಲಸವೇ.

ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ರೋಗಿಯ ವಯಸ್ಸು, ಏನಾಗಿದೆ, ಏನು ಕೊಟ್ಟಿದ್ದೇವೆ, ಎಷ್ಟು ನಿಮಿಷದಲ್ಲಿ ಬರುತ್ತೇವೆ ಅಂತ ಹೇಳಿರುತ್ತೇವೆ. ಇಷ್ಟಾದರೂ ಎಷ್ಟೋ ಸಲ ಬೆಡ್ ಇಲ್ಲದೆ ರೋಗಿ ನಮ್ಮ ಸ್ಟ್ರೆಚರ್ ಮೇಲೇ ಕಾಯಬೇಕಾಗುತ್ತದೆ. ನಾವೂ ಕಾಯುತ್ತೇವೆ. ಅಷ್ಟು ಹೊತ್ತು ಆ ಗಾಡಿ ಇದ್ದೂ ಇಲ್ಲದ ಹಾಗೆ. ಟ್ರಾಫಿಕ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಮುಂದಿನ ಕರೆಗೆ ಗಾಡಿ ಸಿಗದ ಹಾಗೆ ಮಾಡುವುದರಲ್ಲಿ ಈ ಕಾಯುವಿಕೆಯ ಪಾಲು ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ನೀವು ಕರೆ ಮಾಡಬೇಕಾಗಿ ಬಂದರೆ ಫೋನನ್ನು ಸ್ಪೀಕರಿಗೆ ಹಾಕಿ, ನಾವು ಹೇಳುವವರೆಗೂ ಇಡಬೇಡಿ. ಬಾಗಿಲು ತೆರೆದಿಡಿ, ರಾತ್ರಿಯಾದರೆ ಹೊರಗಿನ ಲೈಟ್ ಹಾಕಿ, ನಾಯಿ ಇದ್ದರೆ ಕಟ್ಟಿ. ಒಬ್ಬರು ರಸ್ತೆಗೆ ಬಂದು ಕೈ ಬೀಸಿದರೆ ಮನೆ ಹುಡುಕುವ ಸಮಯ ಉಳಿಯುತ್ತದೆ. ಡಾಕ್ಟರ್ ಚೀಟಿ ಸಿಗದಿದ್ದರೆ ಚಿಂತೆ ಬೇಡ, ಅವರು ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನೇ ಒಂದು ಕವರಿಗೆ ಹಾಕಿ ನಮ್ಮ ಕೈಗೆ ಕೊಡಿ.