ಬಾಟಲಿಗಳಿಗೆ ಶ್ರುತಿ ಕೂರಿಸಿದ ವಾರ

ಬಾಟಲಿ ಆರಿಸುವಾಗ ಮೊದಲು ಕೀಳಬೇಕಾದ್ದು ಲೇಬಲ್ಲು. ಅದರ ಅಂಟು ಒಂದಿಷ್ಟು ಉಳಿದರೂ ನಾದ ಕಟ್ಟಿಹೋಗುತ್ತದೆ. ಇದು ತಿಳಿಯುವಷ್ಟರಲ್ಲಿ ನನ್ನ ಎರಡು ದಿನ ಕಳೆದಿತ್ತು.

ಯುರೋಪಿನಲ್ಲಿ ತಾಳವಾದ್ಯ ಕಲಿಯುತ್ತಿದ್ದಾಗ ನಮ್ಮ ವಿದ್ಯಾರ್ಥಿ ವಾದ್ಯವೃಂದ, ನೃತ್ಯ ವಿಭಾಗದವರ ಜೊತೆ ಸೇರಿ ‘ಪರಾದ್’ ಬ್ಯಾಲೆಯನ್ನು ಎತ್ತಿಕೊಂಡಿತು. ಕಥೆ ಜಾಂ ಕೊಕ್ತೊನದು, ಸಂಗೀತ ಎರಿಕ್ ಸಾತಿಯದು, ಪರದೆ ಮತ್ತು ವೇಷ ಪಿಕಾಸೊನವು, ನೃತ್ಯ ಸಂಯೋಜನೆ ಲಿಯೊನೀದ್ ಮಸೀನ್‌ನದು. ದಿಯಾಗಿಲೆಫ್‌ನ ‘ಬಲೆ ರೂಸ್’ ಎಂಬ ರಷ್ಯನ್ ಬ್ಯಾಲೆ ತಂಡ 1917ರ ಮೇ 18ರಂದು ಪ್ಯಾರಿಸ್ಸಿನ ಶಾತ್ಲೆ ರಂಗಮಂದಿರದಲ್ಲಿ ಇದನ್ನು ಮೊದಲ ಬಾರಿ ಆಡಿತು. ಜಾತ್ರೆಯ ಡೇರೆಯ ಹೊರಗೆ ಜನರನ್ನು ಸೆಳೆಯಲು ತೋರಿಸುವ ತುಣುಕು ಆಟವೇ ಪರಾದ್. ಇಲ್ಲಿ ಜನ ಆ ತುಣುಕನ್ನೇ ಪೂರ್ತಿ ಆಟ ಎಂದುಕೊಳ್ಳುತ್ತಾರೆ, ಒಳಗೆ ಯಾರೂ ಹೋಗುವುದಿಲ್ಲ. ಕಾರ್ಯಕ್ರಮ ಪತ್ರಿಕೆಗೆ ಬರೆದ ಟಿಪ್ಪಣಿಯಲ್ಲಿ ಕವಿ ಅಪೊಲಿನೇರ್ ‘ಸರ್‌ರಿಯಲಿಸಂ’ (ಅತಿವಾಸ್ತವವಾದ) ಎಂಬ ಮಾತನ್ನು ಬಳಸಿದ್ದು ಇದೇ ಬ್ಯಾಲೆಯ ಸಲುವಾಗಿ.

ನನ್ನ ಪಾಲಿಗೆ ಬಂದದ್ದು ಟೈಪ್‌ರೈಟರ್, ಸೈರನ್ ಮತ್ತು ನೀರು ತುಂಬಿ ತೂಗುಹಾಕಿದ ಬಾಟಲಿಗಳ ಸಾಲು. ಈ ಸದ್ದುಗಳು ಬೇಕೇಬೇಕೆಂದು ಹಟ ಹಿಡಿದವನು ಕೊಕ್ತೊ. ಸಾತಿಗೆ ಅವುಗಳ ಮೇಲೆ ಅಷ್ಟೇನೂ ಒಲವಿರಲಿಲ್ಲ. ಮೊದಲ ಪ್ರದರ್ಶನದಲ್ಲಿ ಅವುಗಳಲ್ಲಿ ಹಲವು ಕೇಳಿಸಲೇ ಇಲ್ಲವೆಂದು ಕೊಕ್ತೊ ಆಮೇಲೆ ಕೊರಗಿದ್ದುಂಟು. ನಮ್ಮ ತಂಡದಲ್ಲೂ ಕೆಲವರಿಗೆ ಇದೆಲ್ಲ ತಮಾಷೆಯ ಭಾಗವಾಗಿ ಕಂಡಿತ್ತು. ನನಗೆ ಹಾಗನ್ನಿಸಲಿಲ್ಲ. ಪಿಟೀಲಿನವರು ಶ್ರುತಿ ನೋಡಿಕೊಳ್ಳುವಷ್ಟೇ ನಿಷ್ಠೆಯಿಂದ ಬಾಟಲಿಗಳನ್ನೂ ನೋಡಿಕೊಳ್ಳಬೇಕು ಎಂದು ಮೊದಲ ದಿನವೇ ಹೇಳಿದೆ.

ಮೈಸೂರಿನ ನಮ್ಮ ಮನೆಯಲ್ಲಿ ಜಲತರಂಗದ ಪಿಂಗಾಣಿ ಬಟ್ಟಲುಗಳಿದ್ದವು. ನೀರು ಹೆಚ್ಚಿದಷ್ಟೂ ಶ್ರುತಿ ಇಳಿಯುತ್ತದೆ ಎಂಬುದು ಚಿಕ್ಕಂದಿನಿಂದ ಕೈಗೆ ಗೊತ್ತು. ಜೊತೆಗಿದ್ದ ಗೆಳೆಯ ಬಾಟಲಿಯ ಬಾಯಿಗೆ ಊದಿ ನೋಡಿ ನೀರು ತುಂಬುತ್ತಿದ್ದ. ಊದಿದರೆ ಒಳಗಿನ ಗಾಳಿ ನುಡಿಯುತ್ತದೆ, ನೀರು ಹೆಚ್ಚಿದರೆ ಶ್ರುತಿ ಏರುತ್ತದೆ. ಹೊಡೆದಾಗ ನುಡಿಯುವುದು ಗಾಜು, ಲೆಕ್ಕವೆಲ್ಲ ತಿರುಗುಮುರುಗು. ಆದ್ದರಿಂದ ಬೇಕಾದ ಸ್ವರಕ್ಕಿಂತ ಒಂಚೂರು ಮೇಲೆ ನುಡಿಯುವ ಖಾಲಿ ಬಾಟಲಿಗಳನ್ನೇ ಹುಡುಕಿದೆವು. ಆಮೇಲೆ ಚಮಚದಲ್ಲಿ ನೀರು ಹಾಕುತ್ತ ಸ್ವರವನ್ನು ಇಳಿಸಿಕೊಂಡು ಬಂದೆವು. ಕುತ್ತಿಗೆಗೆ ದಾರ ಕಟ್ಟಿ ತೂಗುಹಾಕಿದಾಗ ಹೊಡೆತಕ್ಕೆ ಬಾಟಲಿ ತೂಗಾಡಿ ಮುಂದಿನ ಪೆಟ್ಟು ತಪ್ಪುತ್ತಿತ್ತು. ಬುಡದ ಹಿಂದೆ ಒಂದು ಉಣ್ಣೆಯ ಪಟ್ಟಿ ಎಳೆದು ಕಟ್ಟಿದ ಮೇಲೆ ಅದು ನಿಂತಿತು.

ಟೈಪ್‌ರೈಟರ್ ಬರುವುದು ಅಮೆರಿಕದ ಪುಟ್ಟ ಹುಡುಗಿಯ ನೃತ್ಯದಲ್ಲಿ. ಸಾತಿಯ ಈ ಕೃತಿಯ ಬಹುಭಾಗ ನಿಮಿಷಕ್ಕೆ 76 ಪೆಟ್ಟಿನ ಒಂದೇ ನಡೆಯಲ್ಲಿ ಸಾಗುತ್ತದೆ, ಆತುರವಿಲ್ಲ, ಎಳೆತವಿಲ್ಲ. ಕಾಲಪ್ರಮಾಣ ಕೂರಿಸಿಕೊಳ್ಳಲು ಒಂದು ಪೆಟ್ಟಿಗೆ ನಾಲ್ಕು ಕೀಲಿ ಒತ್ತುತ್ತ ‘ತಕಧಿಮಿ’ ಹೇಳಿಕೊಂಡು ದಿನಾ ಅರ್ಧ ಗಂಟೆ ಕೂರುತ್ತಿದ್ದೆ. ಒಂದು ತಾಲೀಮಿನಲ್ಲಿ ಅಕ್ಕಪಕ್ಕದ ಎರಡು ಕೀಲಿ ಒಟ್ಟಿಗೆ ಬಿದ್ದು ಅಚ್ಚಿನ ಕಡ್ಡಿಗಳು ಸಿಕ್ಕಿಕೊಂಡವು. ಬೆರಳಿನಿಂದ ಬಿಡಿಸುವಷ್ಟರಲ್ಲಿ ಇಡೀ ಸಾಲು ಮುಗಿದಿತ್ತು. ಅಂದಿನಿಂದ ಎಡಗೈಗೆ ಒಂದು ತುದಿಯ ಕೀಲಿ, ಬಲಗೈಗೆ ಇನ್ನೊಂದು ತುದಿಯದು, ಮಧ್ಯದ ಕಡೆ ಹೋಗಲೇ ಇಲ್ಲ. ಉರುಳೆಗೆ ಎರಡು ಹಾಳೆ ಸುತ್ತಿದಾಗ ಸದ್ದು ಗಟ್ಟಿಯಾಯಿತು.

ಸೈರನ್ ಕೈಯಲ್ಲಿ ತಿರುಗಿಸುವಂಥದ್ದು. ಸದ್ದು ಏರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಎರಡು ಎಣಿಕೆ ಮೊದಲೇ ಶುರು ಮಾಡಬೇಕು. ಅದನ್ನು ತಿರುಗಿಸುವಾಗಲೆಲ್ಲ ಮಹಾಯುದ್ಧದ ನಡುವೆ ಶಾತ್ಲೆಯಲ್ಲಿ ಕೂತಿದ್ದ ಆ ಪ್ರೇಕ್ಷಕರು ನೆನಪಾಗುತ್ತಿದ್ದರು. ಅಂಥ ಹೊತ್ತಿನಲ್ಲಿ ರಂಗದ ಮೇಲೆ ಇದೆಲ್ಲ ಕಂಡವರು ರೇಗಿದ್ದು ನನಗೆ ಅರ್ಥವಾಗುತ್ತದೆ.

ಬ್ಯಾಲೆಯಲ್ಲಿ ಒಂದು ಕುದುರೆಯ ವೇಷವೂ ಇದೆ, ಅದರ ಸರದಿ ಬಂದಾಗ ಸಂಗೀತವಿಲ್ಲ. 1917ರಲ್ಲಿ ಮೊದಲಿಗೆ ಕುದುರೆಯ ಮೇಲೆ, ಆಟಕ್ಕೆ ಜನರನ್ನು ಕೂಗಿ ಕರೆಯುವ ಒಬ್ಬ ಮ್ಯಾನೇಜರನ ಬೊಂಬೆ ಕೂರಬೇಕಿತ್ತು, ಅದು ಬೀಳತೊಡಗಿದ್ದರಿಂದ ತೆಗೆದುಹಾಕಿ ಕುದುರೆಯನ್ನಷ್ಟೇ ಉಳಿಸಿಕೊಂಡರು. ವೇಷದೊಳಗೆ ಇಬ್ಬರು ನರ್ತಕರು. ಪ್ರದರ್ಶನದ ದಿನ ಬಾಟಲಿಗಳು ಇನ್ನೂ ಸಣ್ಣಗೆ ಗುಂಯ್ ಎನ್ನುತ್ತಿದ್ದವು. ನಾನು ಎರಡೂ ಅಂಗೈ ಅಗಲಿಸಿ ಸಾಲನ್ನು ತಡೆದು ಹಿಡಿದೆ. ಮರದ ಹಲಗೆಯ ಮೇಲೆ ಆ ನಾಲ್ಕು ಕಾಲುಗಳ ಸಪ್ಪಳ ಮಾತ್ರ ಕೇಳುತ್ತಿತ್ತು.