ಗೌರಿಬಿದನೂರಿನಲ್ಲಿ 11175: ಕ್ಷಿಪಣಿ ಪರೀಕ್ಷೆಗಳ ಸುತ್ತಲಿನ ಶಾರ್ಟ್‌ವೇವ್ ಸಂದೇಶಗಳನ್ನು ಆಲಿಸಿದ ನನ್ನ ಅನುಭವ

ಗೌರಿಬಿದನೂರಿನಿಂದ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿಕೊಂಡು ಸುಮಾರು 2,400 ಕಿಲೋಮೀಟರ್ ಸಾಗಿದರೆ ಹಿಂದೂ ಮಹಾಸಾಗರದ ನಡುವೆ ಡಿಯೆಗೊ ಗಾರ್ಸಿಯಾ ದ್ವೀಪ ಸಿಗುತ್ತದೆ. ಅಮೆರಿಕದ ವಾಯುಪಡೆ ತನ್ನ ವಿಮಾನಗಳ ಜೊತೆ ಸಂಪರ್ಕದಲ್ಲಿರಲು ಜಗತ್ತಿನ ಹಲವು ಕಡೆ ನೆಲೆಗೊಳಿಸಿರುವ ಹೈ ಫ್ರೀಕ್ವೆನ್ಸಿ ಗ್ಲೋಬಲ್ ಕಮ್ಯುನಿಕೇಷನ್ಸ್ ಸಿಸ್ಟಂ ಎಂಬ ಜಾಲದ ಒಂದು ಕೇಂದ್ರ ಅಲ್ಲಿದೆ. ಶಾರ್ಟ್‌ವೇವ್ ತರಂಗವು ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶವಿರುವ ಅಯಾನುಗೋಳದ ಎಫ್ ಪದರಕ್ಕೆ ಒಮ್ಮೆ ತಾಗಿ ನೆಲಕ್ಕೆ ಮರಳುವಷ್ಟರಲ್ಲಿ ಹೆಚ್ಚೆಂದರೆ 4,000 ಕಿಲೋಮೀಟರ್ ಕ್ರಮಿಸಬಲ್ಲದು. ಆದ್ದರಿಂದ ಈ ದ್ವೀಪದ ಧ್ವನಿ ಒಂದೇ ಜಿಗಿತದಲ್ಲಿ ನಮ್ಮ ತಾಲ್ಲೂಕಿಗೆ ಬಂದು ಬೀಳುತ್ತದೆ. ಸಂಜೆಯ ಹೊತ್ತಿನಲ್ಲಿ 11175 ಕಿಲೊಹರ್ಟ್ಸ್‌ಗೆ ರಿಸೀವರ್ ಹಚ್ಚಿ, ಅಪ್ಪರ್ ಸೈಡ್‌ಬ್ಯಾಂಡ್ ಎಂಬ ಆಲಿಕೆಯ ಕ್ರಮ ಆಯ್ದುಕೊಂಡು ಕಾಯುವ ತಾಳ್ಮೆಯಿದ್ದರೆ, ಅಕ್ಷರ ಮತ್ತು ಅಂಕಿಗಳನ್ನು ಏರಿಳಿತವಿಲ್ಲದೆ ಓದುವ ಒಂದು ಧ್ವನಿ ಇಂದಲ್ಲ ನಾಳೆ ಕಿವಿಗೆ ಬಿದ್ದೇ ಬೀಳುತ್ತದೆ. ಅಮೆರಿಕ ತನ್ನ ಅಣ್ವಸ್ತ್ರ ಪಡೆಗಳಿಗೆ ಸಂಕೇತಭಾಷೆಯಲ್ಲಿ ಕಳುಹಿಸುವ ಈ ಸಂದೇಶಗಳನ್ನು ಎಮರ್ಜೆನ್ಸಿ ಆ್ಯಕ್ಷನ್ ಮೆಸೇಜ್ ಎನ್ನುತ್ತಾರೆ. ಹವ್ಯಾಸಿಗಳ ನಡುವೆ ಅದು ಇಎಎಂ ಎಂದೇ ಬಳಕೆಯಲ್ಲಿದೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರವಾನಗಿ ಇರುವವನು. ಈ ಸಂದೇಶಗಳಿಗೂ ಅಮೆರಿಕದ ಕ್ಷಿಪಣಿ ಪರೀಕ್ಷೆಗಳಿಗೂ ಸಂಬಂಧವಿದೆಯೇ ಎಂಬ ಕುತೂಹಲದಿಂದ ಕೆಲವು ವರ್ಷಗಳಿಂದ ಒಂದು ದಾಖಲೆ ಪುಸ್ತಕ ಇಟ್ಟುಕೊಂಡು ಬಂದಿದ್ದೇನೆ. ಆ ಕೆಲಸವನ್ನು ಹೇಗೆ ಮಾಡಿದೆ, ಅದರಿಂದ ಯಾವುದನ್ನು ಹೇಳಬಹುದು, ಯಾವುದನ್ನು ಹೇಳಲಾಗದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಲಕರಣೆಯ ಮಾತು. ನನ್ನಲ್ಲಿರುವುದು ಸೈಡ್‌ಬ್ಯಾಂಡ್ ಸೌಲಭ್ಯವಿರುವ ಒಂದು ಟೆಕ್ಸನ್ ರೇಡಿಯೊ, ಕಂಪ್ಯೂಟರಿಗೆ ಸಿಕ್ಕಿಸಿ ತಂತ್ರಾಂಶದಿಂದ ಆಲಿಸುವ ಒಂದು ಎಸ್‌ಡಿಆರ್ ರಿಸೀವರ್, ಮತ್ತು ಮನೆಯ ತಾರಸಿಯಿಂದ ಹಿತ್ತಲಿನ ತೆಂಗಿನ ಮರದವರೆಗೆ ಎಳೆದ ಒಂದು ತಂತಿಯ ಏರಿಯಲ್. ತಂತಿ ಮತ್ತು ಕೇಬಲ್ ಸೇರುವಲ್ಲಿ 9:1 ಟ್ರಾನ್ಸ್‌ಫಾರ್ಮರ್ ಇದೆ. ಕೇಬಲ್ಲನ್ನು ಫೆರೈಟ್ ಉಂಗುರಕ್ಕೆ ಹಲವು ಸುತ್ತು ಸುತ್ತಿದ್ದೇನೆ. ಅಗ್ಗದ ಆರ್‌ಟಿಎಲ್ ಡಾಂಗಲ್ ಎಂಬ ಪುಟ್ಟ ಯುಎಸ್‌ಬಿ ರಿಸೀವರ್ ಸಾಲದೇ ಎಂದು ಕೇಳುವವರಿಗೆ ನಮ್ಮ ಭಾಗದ ಒಂದು ತೊಡಕನ್ನು ಹೇಳಬೇಕು. ದೊಡ್ಡಬಳ್ಳಾಪುರದ ಬಳಿ ಆಕಾಶವಾಣಿಯ 500 ಕಿಲೊವಾಟ್ ಶಾರ್ಟ್‌ವೇವ್ ಪ್ರೇಷಕಗಳಿವೆ. ಅಷ್ಟು ಹತ್ತಿರದಿಂದ ಅಷ್ಟು ಬಲವಾದ ಸಂಕೇತ ಬಂದಾಗ 8 ಬಿಟ್‌ನ ಡಾಂಗಲ್ ಉಸಿರುಗಟ್ಟಿ, ಎಲ್ಲ ಕಡೆಯೂ ಆಕಾಶವಾಣಿಯ ನೆರಳುಗಳೇ ಮೂಡುತ್ತವೆ. ಫಿಲ್ಟರ್ ಹಾಕಬೇಕು, ಇಲ್ಲವೇ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಉತ್ತಮ ರಿಸೀವರ್ ಕೊಳ್ಳಬೇಕು.

ಅದಕ್ಕಿಂತ ದೊಡ್ಡ ಶತ್ರು ಊರೊಳಗಿನ ಗದ್ದಲ. ಎಲ್‌ಇಡಿ ಬಲ್ಬು, ಯುಪಿಎಸ್, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್ ಎಲ್ಲವೂ ಶಾರ್ಟ್‌ವೇವ್ ಪಟ್ಟಿಯಲ್ಲಿ ಕಸ ಸುರಿಯುತ್ತವೆ. ತೋಟಗಳಿಗೆ ತ್ರೀ ಫೇಸ್ ಕರೆಂಟ್ ಬಂದು ಬೋರ್‌ವೆಲ್ ಮೋಟರುಗಳು ಶುರುವಾದ ಕೂಡಲೇ ನನ್ನ ಪರದೆಯ ಮೇಲೆ ಅಡ್ಡಗೆರೆಗಳು ಎದ್ದು ನಿಲ್ಲುತ್ತವೆ. ಊರಿಗೆಲ್ಲ ಕರೆಂಟ್ ಹೋದ ಹೊತ್ತೇ ಆಲಿಸಲು ಪ್ರಶಸ್ತವಾದ ಹೊತ್ತು. ಬ್ಯಾಟರಿಯಲ್ಲಿ ನಡೆಯುವ ರೇಡಿಯೊ ಬಿಡದೆ ಇಟ್ಟುಕೊಂಡಿರುವುದು ಅದಕ್ಕಾಗಿಯೇ. ಬೇಸಿಗೆಯ ಕೊನೆಯ ಗುಡುಗಿನ ಮಳೆಗಾಲದಲ್ಲಿ ಮಾತ್ರ ಏರಿಯಲ್ ಕಳಚಿ ನೆಲಕ್ಕೆ ಜೋಡಿಸಿ ಸುಮ್ಮನಿರುವುದೇ ಲೇಸು.

ಇನ್ನು ಸಂದೇಶದ ರೂಪ. ಮೊದಲು ಆರು ಅಕ್ಷರಗಳ ಒಂದು ಗುಂಪನ್ನು ಮೂರು ಬಾರಿ ಹೇಳಿ, ಸ್ವಲ್ಪ ತಡೆದು, ಪೂರ್ತಿ ಸಂದೇಶವನ್ನು ಓದುತ್ತಾರೆ. ಬಳಿಕ ಮತ್ತೊಮ್ಮೆ ಓದಿ, ಆ ದಿನದ ಕರೆಹೆಸರು ಹೇಳಿ ಮುಗಿಸುತ್ತಾರೆ. ಸಾಮಾನ್ಯವಾಗಿ 30 ಅಕ್ಷರಗಳಿರುತ್ತವೆ, ಕೆಲವೊಮ್ಮೆ ಅದಕ್ಕಿಂತ ಬಹಳ ಉದ್ದವಾಗುವುದೂ ಉಂಟು. ಇಂಗ್ಲಿಷಿನ 26 ಅಕ್ಷರಗಳ ಜೊತೆಗೆ ಬರುವ ಅಂಕಿಗಳು 2ರಿಂದ 7ರವರೆಗೆ ಮಾತ್ರ. ಬೇರೆ ಬೇರೆ ಕೇಂದ್ರಗಳಿಂದ ಒಂದೇ ಧ್ವನಿಯನ್ನು ಏಕಕಾಲಕ್ಕೆ ಬಿಡುವುದರಿಂದ ದೂರದ ಕೇಂದ್ರದ ತರಂಗ ಒಂದು ಕ್ಷಣಾಂಶ ತಡವಾಗಿ ತಲುಪಿ, ಬಾವಿಯೊಳಗೆ ಕೂಗಿದಂತೆ ಮಾರ್ದನಿ ಕೇಳಿಸುತ್ತದೆ. 11175 ಅಲ್ಲದೆ 4724, 6739, 8992, 13200, 15016 ಕಿಲೊಹರ್ಟ್ಸ್‌ಗಳೂ ಈ ಜಾಲದ ಪರಿಚಿತ ಆವರ್ತನಗಳು. ರಾತ್ರಿಗೆ ಕೆಳಗಿನವು, ಹಗಲಿಗೆ ಮೇಲಿನವು ಸೂಕ್ತ. ಅಪರೂಪಕ್ಕೆ ‘ಸ್ಕೈಕಿಂಗ್, ಸ್ಕೈಕಿಂಗ್, ಡು ನಾಟ್ ಆನ್ಸರ್’ ಎಂದು ಶುರುವಾಗುವ ಇನ್ನೊಂದು ಬಗೆಯ ಚುಟುಕು ಸಂದೇಶ ಬರುತ್ತದೆ: ಒಂದು ಸಂಕೇತಪದ, ಗಂಟೆಯ ಎಷ್ಟನೇ ನಿಮಿಷ ಎಂಬ ಅಂಕಿ, ದೃಢೀಕರಣದ ಎರಡು ಅಕ್ಷರ, ಅಷ್ಟೇ.

ಈ ಅಕ್ಷರಗಳ ಅರ್ಥವನ್ನು ಹೊರಗಿನವರು ಬಿಡಿಸಲಾರರು. ಬಿಡಿಸಿದ್ದೇವೆ ಎನ್ನುವವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹೊರಗಿನಿಂದ ಅಳೆಯಲು ಸಾಧ್ಯವಿರುವುದು ಸಂದೇಶ ಯಾವಾಗ ಬಂತು, ಎಷ್ಟು ಉದ್ದವಿತ್ತು, ಎಷ್ಟು ಬಾರಿ ಮರುಪ್ರಸಾರವಾಯಿತು ಎಂಬುದನ್ನು ಮಾತ್ರ. ಹಾಗಾಗಿ ನನ್ನ ಪುಸ್ತಕದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯ, ಆವರ್ತನ, ಅಕ್ಷರಗಳ ಸಂಖ್ಯೆ, ಹೊಸತೋ ಮರುಪ್ರಸಾರವೋ ಎಂಬ ಗುರುತು, ಸಂಕೇತದ ಬಲ, ಇಷ್ಟೇ ಕಲಮುಗಳಿವೆ. ಮರುಪ್ರಸಾರದ ಕಲಮು ಬಹಳ ಮುಖ್ಯವಾದುದು. ಒಂದೇ ಸಂದೇಶವನ್ನು ಅವರು ಆಗಾಗ ಪುನಃ ಓದುತ್ತಾರೆ. ಹೊಸಬರು ಪ್ರತಿಯೊಂದನ್ನೂ ಬೇರೆ ಎಂದು ಎಣಿಸಿ, ‘ಇವತ್ತು ಸಂದೇಶಗಳ ಸುರಿಮಳೆ’ ಎಂದು ಗಾಬರಿ ಹುಟ್ಟಿಸುವುದುಂಟು.

ನಮ್ಮ ತಾಲ್ಲೂಕಿಗೆ ದೂರದ ಪರೀಕ್ಷೆಗಳನ್ನು ಆಲಿಸುವುದು ಹೊಸದೇನಲ್ಲ. ಗೌರಿಬಿದನೂರಿನ ಭೂಕಂಪನ ಮಾಪಕಗಳ ಸಾಲನ್ನು 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಸ್ಥಾಪಿಸಲಾಯಿತು. ಅದನ್ನು ನಡೆಸುತ್ತಿರುವುದು ಭಾಭಾ ಪರಮಾಣು ಸಂಶೋಧನಾ ಕೇಂದ್ರ. ಭೂಗತ ಅಣುಸ್ಫೋಟದ ಕಂಪನವನ್ನು ಸಹಜ ಭೂಕಂಪದಿಂದ ಬೇರ್ಪಡಿಸುವುದು ಅದರ ಉದ್ದೇಶಗಳಲ್ಲಿ ಒಂದು. ಸಹಜ ಕಂಪನಗಳ ಸ್ವಭಾವವನ್ನು ದೀರ್ಘಕಾಲ ಕಂಡರಿಯದೆ ಆ ಬೇರ್ಪಡಿಸುವಿಕೆ ಸಾಧ್ಯವಿಲ್ಲ, ಮತ್ತು ಅದೇ ವಿವೇಕ ರೇಡಿಯೊ ಆಲಿಕೆಗೂ ಅನ್ವಯಿಸುತ್ತದೆ. ಏನೂ ನಡೆಯದ ಸಾಧಾರಣ ದಿನಗಳಲ್ಲಿ ಎಷ್ಟು ಸಂದೇಶಗಳು ಬರುತ್ತವೆ ಎಂಬ ಲೆಕ್ಕವಿಲ್ಲದವನಿಗೆ ಪರೀಕ್ಷೆಯ ದಿನದ ಎಣಿಕೆ ಏನನ್ನೂ ಹೇಳುವುದಿಲ್ಲ. ಹವ್ಯಾಸಿಗಳಲ್ಲಿ ಹೆಚ್ಚಿನವರು ಸುದ್ದಿ ಬಂದ ದಿನ ಮಾತ್ರ ರೇಡಿಯೊ ಹಚ್ಚುತ್ತಾರೆ. ಅವರಿಗೆ ಪ್ರತಿ ಸುದ್ದಿಯ ಹಿಂದೆಯೂ ಸಂದೇಶ ಕಾಣಿಸುವುದು ಸಹಜವೇ, ಏಕೆಂದರೆ ಸುದ್ದಿಯಿಲ್ಲದ ದಿನಗಳಲ್ಲಿಯೂ ಆ ಸಂದೇಶಗಳು ಬರುತ್ತಲೇ ಇರುತ್ತವೆ.

ಬರಲಿಲ್ಲ ಎಂಬುದಕ್ಕೂ ಎಚ್ಚರ ಬೇಕು. ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದರೆ ಹಗಲಿರುವ ಭೂಭಾಗದಲ್ಲಿ ಶಾರ್ಟ್‌ವೇವ್ ಕೆಲ ಹೊತ್ತು ಸ್ತಬ್ಧವಾಗುತ್ತದೆ. 2024ರ ಮೇ 10-11ರ ಭೂಕಾಂತೀಯ ಬಿರುಗಾಳಿಯಂತಹ ಸಂದರ್ಭದಲ್ಲಿ ಪಟ್ಟಿಯೆಲ್ಲ ಏರುಪೇರಾಗುತ್ತದೆ. ಆದ್ದರಿಂದ ಆಲಿಸಲು ಕೂರುವ ಮುನ್ನ 10 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಸಮಯಸಂಕೇತ ಬರುತ್ತಿದೆಯೇ ಎಂದು ನೋಡಿ, ಅದನ್ನೂ ಬರೆದಿಡುತ್ತೇನೆ. ಇದರ ಜೊತೆಗೆ ಇಂಟರ್‌ನೆಟ್ ಮೂಲಕ ಬೇರೆ ಕಡೆಯ ರಿಸೀವರುಗಳನ್ನೂ ಬಳಸುತ್ತೇನೆ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಯಾರು ಬೇಕಾದರೂ ಬಳಸಬಹುದಾದ ರಿಸೀವರು. 30 ಮೆಗಾಹರ್ಟ್ಸ್‌ವರೆಗೆ ಆಲಿಸಲು ಬರುವ ಕಿವಿಎಸ್‌ಡಿಆರ್ ರಿಸೀವರುಗಳನ್ನು ಹಲವು ದೇಶಗಳ ಹವ್ಯಾಸಿಗಳು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ರಿಸೀವರನ್ನು ತೆರೆದುಕೊಂಡು, ನನ್ನ ತಾರಸಿಯ ತಂತಿಗೆ ಬಂದದ್ದನ್ನು ಅದರೊಂದಿಗೆ ತಾಳೆ ನೋಡಿದರೆ, ಕೊರತೆ ಸಂದೇಶದ್ದೋ ಆಕಾಶದ್ದೋ ಎಂಬುದು ತಿಳಿಯುತ್ತದೆ.

ಈ ತಾಳೆ ಇನ್ನೊಂದು ಕಾರಣಕ್ಕೂ ಬೇಕಾಯಿತು. ಮಿನಿಟ್‌ಮನ್-3 ಎಂಬ ಅಮೆರಿಕದ ಖಂಡಾಂತರ ಕ್ಷಿಪಣಿಯ ಪರೀಕ್ಷೆಗಳು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಿಂದ ಹೊರಟು, ಸುಮಾರು 6,700 ಕಿಲೋಮೀಟರ್ ದೂರದ ಮಾರ್ಷಲ್ ದ್ವೀಪಗಳ ಕ್ವಾಜಲೀನ್ ಹವಳದ್ವೀಪದಲ್ಲಿ ಮುಗಿಯುತ್ತವೆ. ಅವು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ನಡುರಾತ್ರಿಯ ಆಸುಪಾಸಿನಲ್ಲಿ ನಡೆಯುತ್ತವೆ. ಆಗ ನಮ್ಮಲ್ಲಿ ಮಧ್ಯಾಹ್ನ, ಶಾಲೆಯ ಊಟದ ವೇಳೆ. ಡಿಯೆಗೊ ಗಾರ್ಸಿಯಾದ ಹಾದಿಯೂ ಆಗ ಉರಿಬಿಸಿಲಿನದು, ಕೆಳಗಿನ ಡಿ ಪದರ ಕಡಿಮೆ ಆವರ್ತನಗಳನ್ನು ಹೀರಿಬಿಡುತ್ತದೆ. ಹಾಗಾಗಿ ಆ ಹೊತ್ತಿಗೆ ಇಲ್ಲಿ 13200 ಮತ್ತು 15016, ಅಮೆರಿಕದ ಕರಾವಳಿಯ ರಿಸೀವರಿನಲ್ಲಿ 8992 ಮತ್ತು 6739 ಎಂದು ಹಂಚಿಕೊಂಡು, ರೆಕಾರ್ಡಿಂಗ್ ಹಾಕಿ ಶಾಲೆಗೆ ಹೋಗುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಉಡಾವಣೆಯ ಆಜ್ಞೆ ನನ್ನ ರೇಡಿಯೊದಲ್ಲಿ ಕೇಳಿಸುವುದಿಲ್ಲ, ಕೇಳಿಸುವ ಸಂಭವವೂ ಇಲ್ಲ. ನೆಲದಡಿಯ ನಿಯಂತ್ರಣ ಕೇಂದ್ರಗಳು ಕ್ಷಿಪಣಿಯ ಕೂಪಗಳಿಗೆ ಹೂತಿಟ್ಟ ಕೇಬಲ್ಲಿನ ಮೂಲಕ ಸಂಪರ್ಕದಲ್ಲಿರುತ್ತವೆ. ಅದು ಕೆಟ್ಟರೆ ಇರಲಿ ಎಂದು ನೌಕಾಪಡೆಯ ಇ-6ಬಿ ಮರ್ಕ್ಯುರಿ ವಿಮಾನದಲ್ಲಿ ಇನ್ನೊಂದು ಉಡಾವಣಾ ವ್ಯವಸ್ಥೆಯಿದೆ. ಅದು ಕೂಪದೊಂದಿಗೆ ಮಾತನಾಡುವುದು ಯುಎಚ್‌ಎಫ್ ತರಂಗದಲ್ಲಿ, ನೇರ ದೃಷ್ಟಿಯ ಅಂತರದಲ್ಲಿ ಮಾತ್ರ. ಶಾರ್ಟ್‌ವೇವ್‌ನಲ್ಲಿ ಓದುವ ಸಂದೇಶ ಜಗತ್ತಿನಾದ್ಯಂತ ಹರಡಿರುವ ಪಡೆಗಳಿಗೆಲ್ಲ ಒಟ್ಟಾಗಿ ಹೋಗುವಂಥದು. ಒಂದು ಕ್ಷಿಪಣಿಯ ಪರೀಕ್ಷೆಗಾಗಿ ಅದರ ಪ್ರಮಾಣ ಏರಲೇಬೇಕಾದ ಕಾರಣವಿಲ್ಲ. ಅಮೆರಿಕದ ಸ್ಟ್ರಾಟೆಜಿಕ್ ಕಮಾಂಡ್ ನಡೆಸುವ ಗ್ಲೋಬಲ್ ಥಂಡರ್‌ನಂತಹ ದೊಡ್ಡ ತಾಲೀಮಿನ ಸಮಯದಲ್ಲಿ ಏರಿದರೆ ಅದಕ್ಕೊಂದು ತರ್ಕವಿದೆ.

ಪರೀಕ್ಷೆಯ ಮುನ್ಸೂಚನೆ ಬೇಕಾದವರು ರೇಡಿಯೊಗಿಂತ ಮೊದಲು ನಾವಿಕರ ಎಚ್ಚರಿಕೆಗಳನ್ನು ಓದಬೇಕು. ಸಮುದ್ರದ ಯಾವ ಭಾಗ ಯಾವ ದಿನ, ಯಾವ ಗಂಟೆಗಳಲ್ಲಿ ಅಪಾಯಕಾರಿ ಎಂಬುದನ್ನು ನೇವ್‌ಏರಿಯಾ ಎಚ್ಚರಿಕೆಗಳು ಅಕ್ಷಾಂಶ ರೇಖಾಂಶ ಸಹಿತ ಮೊದಲೇ ಹೇಳಿಬಿಡುತ್ತವೆ. ವಿಮಾನಗಳಿಗೆ ನೋಟಾಮ್ ಎಂಬ ಇಂಥದೇ ಸೂಚನೆ ಇದೆ. ನಮ್ಮ ಸಮುದ್ರಭಾಗವಾದ ನೇವ್‌ಏರಿಯಾ 8ರ ಹೊಣೆ ಡೆಹ್ರಾಡೂನಿನ ರಾಷ್ಟ್ರೀಯ ಜಲವಿವರಣಾ ಕಚೇರಿಯದು. ದೇಶಗಳ ನಡುವೆಯೂ ಒಪ್ಪಂದಗಳಿವೆ: ಭಾರತ ಮತ್ತು ಪಾಕಿಸ್ತಾನ 2005ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಒಪ್ಪಂದದ ಪ್ರಕಾರ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಯನ್ನು ಕನಿಷ್ಠ ಮೂರು ದಿನ ಮೊದಲು ಪರಸ್ಪರ ತಿಳಿಸಬೇಕು. ಎಚ್ಚರಿಕೆ ಹೊರಟ ಮಾತ್ರಕ್ಕೆ ಪರೀಕ್ಷೆ ನಡೆದೇ ತೀರುತ್ತದೆಂದೂ ಅಲ್ಲ. 2022ರ ಆಗಸ್ಟ್‌ನಲ್ಲಿ ತೈವಾನ್ ಸುತ್ತಲಿನ ಉದ್ವಿಗ್ನತೆಯ ಕಾರಣಕ್ಕೆ ಮುಂದೂಡಿದ ಮಿನಿಟ್‌ಮನ್ ಪರೀಕ್ಷೆಯನ್ನು ಆಗಸ್ಟ್ 16ರಂದು ನಡೆಸಿದರು. 2023ರ ನವೆಂಬರ್ 1ರಂದು ಹಾರಿದ ಕ್ಷಿಪಣಿಯನ್ನು ದೋಷ ಕಂಡುಬಂದ ಕಾರಣ ಪೆಸಿಫಿಕ್ ಸಾಗರದ ಮೇಲೆಯೇ ನಾಶಪಡಿಸಿದರು.

ನನ್ನ ಪುಸ್ತಕದಲ್ಲಿ ನಾನು ಹೆಚ್ಚು ಸಲ ತೆರೆದು ನೋಡಿರುವುದು 2024ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ವಾರದ ಪುಟಗಳನ್ನು. ಅಕ್ಟೋಬರ್ 29ರಂದು ರಷ್ಯಾ ತನ್ನ ಅಣ್ವಸ್ತ್ರ ಪಡೆಗಳ ತಾಲೀಮು ನಡೆಸಿ, ಪ್ಲೆಸೆಟ್ಸ್ಕ್‌ನಿಂದ ಕಮ್ಚಾಟ್ಕಾದ ಕುರಾ ವಲಯಕ್ಕೆ ಯಾರ್ಸ್ ಕ್ಷಿಪಣಿ ಹಾರಿಸಿತು. 31ರಂದು ಉತ್ತರ ಕೊರಿಯಾದ ಹ್ವಾಸಾಂಗ್-19 ಕ್ಷಿಪಣಿ ಹಾರಿತು. ನವೆಂಬರ್ 5 ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ; ಅದೇ ರಾತ್ರಿ ಕ್ಯಾಲಿಫೋರ್ನಿಯಾದ 11 ಗಂಟೆ 1 ನಿಮಿಷಕ್ಕೆ, ನಮ್ಮ ಲೆಕ್ಕದಲ್ಲಿ ನವೆಂಬರ್ 6ರ ಮಧ್ಯಾಹ್ನ 12 ಗಂಟೆ 31 ನಿಮಿಷಕ್ಕೆ, ವ್ಯಾಂಡೆನ್‌ಬರ್ಗ್‌ನಿಂದ ಮಿನಿಟ್‌ಮನ್-3 ಹೊರಟಿತು, ಅದೂ ಇ-6ಬಿ ವಿಮಾನದಲ್ಲಿದ್ದ ಸಿಬ್ಬಂದಿಯ ಆಜ್ಞೆಯಿಂದ. ಆ ಪುಟಗಳಲ್ಲಿ ಸಂದೇಶಗಳು ದಟ್ಟವಾದ ಗಂಟೆಗಳು ಅಲ್ಲಲ್ಲಿ ಇವೆ. ಅವುಗಳನ್ನು ರಷ್ಯಾದ ತಾಲೀಮಿಗೆ ಜೋಡಿಸಬಹುದು, ಉತ್ತರ ಕೊರಿಯಾಕ್ಕೆ ಜೋಡಿಸಬಹುದು, ಚುನಾವಣೆಗೋ ಮಿನಿಟ್‌ಮನ್‌ಗೋ ಜೋಡಿಸಬಹುದು. ಜೋಡಿಸುವವನ ಒಲವಿನ ಹೊರತು ಆಯ್ಕೆಗೆ ಬೇರೆ ಆಧಾರವಿಲ್ಲ. ಅಷ್ಟೇ ದಟ್ಟವಾದ ಗಂಟೆಗಳು ಯಾವ ಸುದ್ದಿಯೂ ಇಲ್ಲದ ವಾರಗಳಲ್ಲಿಯೂ ನನ್ನ ಪುಸ್ತಕದಲ್ಲಿ ಸಿಗುತ್ತವೆ. ಇದರ ಮೇಲೆ ಇನ್ನೊಂದು ಮಾತು: ಮಿನಿಟ್‌ಮನ್ ಪರೀಕ್ಷೆಗಳ ವೇಳಾಪಟ್ಟಿಯನ್ನು ವರ್ಷಗಳ ಮೊದಲೇ ಹಾಕಿರುತ್ತಾರೆ ಎಂದು ಅಮೆರಿಕದ ವಾಯುಪಡೆಯೇ ಹೇಳುತ್ತದೆ. ಹಾಗಿರುವಾಗ ಹಿಂದಿನ ವಾರದ ಘಟನೆಗೆ ಉತ್ತರವಾಗಿ ಹಾರಿಸಿದರು ಎಂಬ ವಾದಕ್ಕೆ ಬುಡವೇ ಇರುವುದಿಲ್ಲ.

ಪಕ್ಕದ ತೋಟದ ಹಿರಿಯರು ಒಮ್ಮೆ ತಂತಿಯನ್ನು ನೋಡಿ, ‘ಮೇಷ್ಟ್ರೇ, ಇದೇನು ಗೂಢಚಾರಿಕೆನಾ?’ ಎಂದು ಕೇಳಿದ್ದರು. ಅಲ್ಲ ಎಂದು ನಕ್ಕು ಸುಮ್ಮನಾದರೂ ಪ್ರಶ್ನೆ ಹಗುರವಾದುದಲ್ಲ. ಸಾರ್ವಜನಿಕರಿಗೆಂದು ಬಿತ್ತರಿಸದ ರೇಡಿಯೊ ಸಂವಹನದ ಗೋಪ್ಯತೆಯ ಬಗ್ಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿಯ 17ನೇ ವಿಧಿ ಹೇಳುತ್ತದೆ. ನಮ್ಮಲ್ಲಿ 1923ರ ಅಫೀಷಿಯಲ್ ಸೀಕ್ರೆಟ್ಸ್ ಕಾಯ್ದೆಯೂ 2023ರ ದೂರಸಂಪರ್ಕ ಕಾಯ್ದೆಯೂ ಇವೆ, ಮತ್ತು ಹ್ಯಾಮ್ ಪರವಾನಗಿ ಇವ್ಯಾವುದರಿಂದಲೂ ವಿನಾಯಿತಿ ಕೊಡುವುದಿಲ್ಲ. ಆದ್ದರಿಂದ ನಮ್ಮ ಸೇನೆಯ ಯಾವ ಸಂವಹನದ ಕಡೆಗೂ ನಾನು ಮುಳ್ಳು ತಿರುಗಿಸುವುದಿಲ್ಲ. ಒಡಿಶಾ ಕರಾವಳಿಯ ಪರೀಕ್ಷೆಗಳ ವಿಷಯದಲ್ಲಿ ಪ್ರಕಟಿತ ಎಚ್ಚರಿಕೆ ಮತ್ತು ಸರ್ಕಾರದ ಪ್ರಕಟಣೆಗಳ ಆಚೆಗೆ ಹೋಗುವುದಿಲ್ಲ. ವಿದೇಶಿ ಸಂದೇಶದ ಅಕ್ಷರಗಳನ್ನು ಎಲ್ಲಿಯೂ ಹಂಚಿಕೊಳ್ಳುವುದಿಲ್ಲ. ಅಕ್ಷರಗಳನ್ನು ಎಣಿಸಿ ಕಲಮು ತುಂಬಿದ ಮೇಲೆ ರೆಕಾರ್ಡಿಂಗ್ ಅಳಿಸುತ್ತೇನೆ. ಹ್ಯಾಮ್ ಪರೀಕ್ಷೆಗೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ಆಲಿಸಲು ಬಂದಾಗ ಅವರಿಗೆ ಮೊದಲು ಕೊಡುವುದು ಸುದ್ದಿಯಿಲ್ಲದ ಯಾವುದಾದರೂ ಒಂದು ವಾರದ ಕೆಲಸ: 11175ಕ್ಕೆ ಹಚ್ಚಿ, ಯುಟಿಸಿ ಗಡಿಯಾರ ಎದುರಿಗಿಟ್ಟುಕೊಂಡು, ಬಂದದ್ದನ್ನೂ ಬಾರದ್ದನ್ನೂ ಬರೆಯುವುದು.