ಕಿಟಕಿಯೋ ಐಲೋ ಅನ್ನೋ ಮೊದಲು ಎಡವೋ ಬಲವೋ

ನಾನು ಪ್ಯಾಕಿಂಗ್ ಮೆಷಿನ್‌ಗಳ ಸರ್ವಿಸ್ ಎಂಜಿನಿಯರ್. ಪೀಣ್ಯದಲ್ಲಿ ಆಫೀಸು. ಉತ್ತರದಲ್ಲೆಲ್ಲೋ ಒಂದು ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ಮೆಷಿನ್ ನಿಂತುಬಿಟ್ಟರೆ ಮಾರನೇ ದಿನ ನಾನು ಅಲ್ಲಿರಬೇಕು. 2009ರಿಂದ ತಿಂಗಳಿಗೆ ಎರಡು ಮೂರು ಸಲ ವಿಮಾನ ಹತ್ತುವುದು ಅಭ್ಯಾಸವಾಗಿದೆ. ಜಾಸ್ತಿ ದೆಹಲಿಯೇ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಟಿಕೆಟ್ ಬುಕ್ ಮಾಡುವಾಗ ನನ್ನ ಹತ್ತಿರ ಬಂದು ಕೇಳುತ್ತಾರೆ, "ಸರ್, ವಿಂಡೋ ತಗೊಳ್ಳೋದಾ, ಐಲ್ ತಗೊಳ್ಳೋದಾ?" ಐಲ್ ಅಂದರೆ ನಡುವೆ ಓಡಾಡುವ ದಾರಿಯ ಪಕ್ಕದ ಸೀಟು. ನಾನು ಅದಕ್ಕೆ ಉತ್ತರ ಕೊಡುವ ಮೊದಲು ವಾಪಸ್ ಕೇಳುವುದು ಒಂದೇ: "ಎಷ್ಟು ಗಂಟೆಗೆ ಫ್ಲೈಟು, ಯಾವ ದಿಕ್ಕಿಗೆ?"

ಇದು ನಾನು ಕಂಡುಹಿಡಿದದ್ದಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಲಿಸಿದ್ದು. ಕೆಂಪು ಬಸ್ಸು ಬಂದು ನಿಲ್ಲುವ ಮೊದಲೇ ಅಪ್ಪ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಆದರೆ ಯಾವ ಕಿಟಕಿಯಿಂದ ಅನ್ನುವುದರಲ್ಲಿ ಲೆಕ್ಕ ಇತ್ತು. ಬೆಳಗ್ಗೆ ಮೈಸೂರಿಗೆ ಹೊರಟರೆ ಬಸ್ಸು ದಕ್ಷಿಣಕ್ಕೆ ಹೋಗುತ್ತೆ, ಬಿಸಿಲು ಎಡಗಡೆ ಬೀಳುತ್ತೆ, ಅದಕ್ಕೆ ನಾವು ಬಲಗಡೆ. ಸಂಜೆ ವಾಪಸ್ ಬರುವಾಗ ಬಸ್ಸು ಉತ್ತರಕ್ಕೆ, ಸೂರ್ಯ ಪಶ್ಚಿಮದಲ್ಲಿ, ಅಂದರೆ ಮತ್ತೆ ಎಡಗಡೆ. ಹಾಗಾಗಿ ಆಗಲೂ ಬಲಗಡೆಯೇ. ಹೋಗುವಾಗಲೂ ಬಲ, ಬರುವಾಗಲೂ ಬಲ. ಚಿಕ್ಕವನಾಗಿದ್ದಾಗ ಇದು ಮಾಟ ಇದ್ದಂಗೆ ಕಾಣುತ್ತಿತ್ತು.

ದೆಹಲಿ ಫ್ಲೈಟಿಗೂ ಇದೇ ಲೆಕ್ಕ, ಬರೀ ತಿರುಗುಮುರುಗು. ಬೆಳಗ್ಗೆ ಬೆಂಗಳೂರಿನಿಂದ ಉತ್ತರಕ್ಕೆ ಹೊರಟರೆ ಬಿಸಿಲು ಬಲಗಡೆ. ಸಂಜೆ ದಕ್ಷಿಣಕ್ಕೆ ಬರುವಾಗಲೂ ಬಲಗಡೆ. ಹಾಗಾಗಿ ಹೋಗುವಾಗಲೂ ಎಡ, ಬರುವಾಗಲೂ ಎಡ. ಮೂರು-ಮೂರು ಸೀಟಿನ ವಿಮಾನದಲ್ಲಿ ಎ, ಬಿ, ಸಿ ಎಡಕ್ಕಿರುತ್ತವೆ, ಡಿ, ಇ, ಎಫ್ ಬಲಕ್ಕೆ. ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ಐಲ್. ಅಂದರೆ ನನಗೆ ಎ ಇಲ್ಲಾ ಸಿ. ಮೋಡದ ಮೇಲೆ ಹೋದ ಮೇಲೆ ಬಿಸಿಲು ಎಷ್ಟು ಚುರುಕು ಅಂತ ಒಂದು ಸಲ ಎಫ್‌ನಲ್ಲಿ ಕೂತವರಿಗೆ ಗೊತ್ತು. ಎರಡೂವರೆ ಗಂಟೆ ಒಂದು ಕೆನ್ನೆ ಮಾತ್ರ ಕಾಯುತ್ತಿರುತ್ತೆ. ಶೇಡ್ ಎಳೆದುಬಿಟ್ಟರೆ ಆಯ್ತಲ್ಲ ಅನ್ನಬಹುದು. ಶೇಡ್ ಎಳೆದುಕೊಂಡು ಕೂರೋಕೆ ಕಿಟಕಿ ಸೀಟು ಯಾಕೆ ಬೇಕು, ಅಲ್ವಾ?

ಈ ಲೆಕ್ಕದಲ್ಲಿ ನನಗಾಗುವ ನಷ್ಟ ಒಂದೇ, ನಂದಿಬೆಟ್ಟ. ದೇವನಹಳ್ಳಿಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ, ಬೆಟ್ಟ ಉತ್ತರಕ್ಕಿದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರುತ್ತೆ. ಆಗ ಬೆಟ್ಟ ಬಲಗಡೆಯವರ ಪಾಲು. ಹೋಗಲಿ ಬಿಡಿ ಅಂತ ಸುಮ್ಮನಿರುತ್ತೇನೆ.

ಕಿಟಕಿ ಸೀಟು ಅಂದ ತಕ್ಷಣ ಕಿಟಕಿ ಇರುತ್ತೆ ಅಂತಲೂ ನಂಬಬೇಡಿ. ಮೊದಲ ವರ್ಷ, ಎರಡನೆಯದೋ ಮೂರನೆಯದೋ ಪ್ರಯಾಣ. ಸೀಟಿಗೆ ದುಡ್ಡು ಕೊಟ್ಟು, ಖುಷಿಯಿಂದ ಹೋಗಿ ಕೂತೆ. ಪಕ್ಕದಲ್ಲಿ ಬಿಳೀ ಪ್ಲಾಸ್ಟಿಕ್ ಗೋಡೆ! ಮುಂದಿನವನಿಗೆ ಒಂದು ಕಿಟಕಿ, ಹಿಂದಿನವನಿಗೆ ಒಂದು ಕಿಟಕಿ, ನನಗೆ ಗೋಡೆ. ಅದು ಬೋಯಿಂಗ್ 737. ಆ ವಿಮಾನದಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ ಏಸಿ ಗಾಳಿಯ ಕೊಳವೆ ಗೋಡೆಯೊಳಗೆ ಮೇಲಕ್ಕೆ ಹೋಗುತ್ತೆ, ಅಲ್ಲಿ ಕಿಟಕಿ ಕೊರೆಯೋಕೆ ಜಾಗ ಇಲ್ಲ. ಇದು ತಿಳಿದಾಗ ಎಂಜಿನಿಯರ್ ಆಗಿ ನನಗೆ ಸಮಾಧಾನ ಆಯ್ತು, ದುಡ್ಡು ಕೊಟ್ಟವನಾಗಿ ಆಗಲಿಲ್ಲ. ಬೇರೆ ವಿಮಾನಗಳಲ್ಲೂ ಕಿಟಕಿ ಸೀಟಿಗೆ ಸರಿಯಾಗಿ ಕೂರುವುದಿಲ್ಲ. ಕಿಟಕಿಗಳ ಜಾಗ ವಿಮಾನ ಕಟ್ಟಿದವರು ಮಾಡಿದ್ದು, ಸೀಟುಗಳ ಸಾಲು ಕಂಪನಿಯವರು ತಮಗೆ ಬೇಕಾದ ಅಂತರದಲ್ಲಿ ಜೋಡಿಸಿದ್ದು. ಎರಡಕ್ಕೂ ತಾಳೆ ಆಗಲೇಬೇಕು ಅಂತ ಇಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ನೋಡುವ ಕಿಟಕಿ ಸಿಕ್ಕರೆ ಕಷ್ಟ. ಮುಂದಕ್ಕೆ ಬಾಗಿ ನೋಡುವಂಥದ್ದಾದರೆ ಪರವಾಗಿಲ್ಲ. ಆಮೇಲೆ ನಡುವಿನ ಎಂಟು-ಹತ್ತು ಸಾಲಿನಲ್ಲಿ ಕೆಳಗೆ ನೋಡಿದರೆ ಬರೀ ರೆಕ್ಕೆ. ಕುಲುಕಾಟ ಅಂದರೆ ಹೆದರುವವರಿಗೆ ಮಾತ್ರ ಆ ಜಾಗ ಒಳ್ಳೆಯದು, ರೆಕ್ಕೆಯ ಹತ್ತಿರ ಅಲುಗಾಟ ಕಡಿಮೆ.

2014ರಲ್ಲಿ ಬೈಕಿನಿಂದ ಬಿದ್ದೆ. ಬಲಗಾಲಿನ ಮಂಡಿ ಆಮೇಲಿಂದ ಪೂರ್ತಿ ಮಡಚುವುದಿಲ್ಲ. ಒಂದು ಗಂಟೆ ಮಡಚಿಟ್ಟರೆ ಒಳಗೆ ಯಾರೋ ಸ್ಕ್ರೂ ತಿರುಗಿಸಿದ ಹಾಗೆ ನೋವು. ಆಗ ಕಿಟಕಿ ಪ್ರೇಮಿಯಾಗಿದ್ದ ನಾನು ಐಲ್‌ಗೆ ಬರಬೇಕಾಯ್ತು. ಮೊದಲ ಎರಡು ಮೂರು ಸಲ ಸಿ ಸಿಕ್ಕಿತ್ತು, ಆರಾಮಾಗಿತ್ತು. ಒಂದು ಸಲ ಡಿ ಸಿಕ್ಕಿತು. ಐಲೇ ಅಲ್ವಾ ಅಂತ ಕೂತೆ. ಕೂತ ಮೇಲೆ ಗೊತ್ತಾಯ್ತು, ಡಿ ಸೀಟಿಗೆ ದಾರಿ ಇರುವುದು ಎಡಗಡೆ. ಚಾಚಬೇಕಾದದ್ದು ನನ್ನ ಬಲಗಾಲು. ಬಲಗಡೆ ಇ ಸೀಟಿನ ಯಜಮಾನರು ಲ್ಯಾಪ್‌ಟಾಪ್ ಬ್ಯಾಗನ್ನು ಕಾಲ ಸಂದಿಯಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಅವತ್ತು ಇಳಿಯುವಾಗ ಕುಂಟಿಕೊಂಡೇ ಇಳಿದೆ. ಬಲಗಾಲಿನ ತೊಂದರೆ ಇರುವವರಿಗೆ ಸಿ, ಎಡಗಾಲಿನ ತೊಂದರೆ ಇರುವವರಿಗೆ ಡಿ. ಇಷ್ಟು ಸಣ್ಣ ವಿಷಯ ತಿಳಿಯೋಕೆ ನನಗೆ ಒಂದು ಮಂಡಿ ಖರ್ಚಾಯ್ತು.

ಐಲ್‌ಗೂ ಅದರದೇ ಕಾಟಗಳಿವೆ. ಕಾಲು ಚಾಚಿಕೊಂಡು ಕಣ್ಣು ಮುಚ್ಚಿದರೆ ತಿಂಡಿಯ ಟ್ರಾಲಿ ಬಂದು ಸರಿಯಾಗಿ ಮಂಡಿಗೇ ಗುದ್ದುತ್ತೆ. ತಳ್ಳುವವರಿಗೆ ಮುಂದೆ ಏನಿದೆ ಅಂತ ಕಾಣುವುದಿಲ್ಲ, ಅವರನ್ನು ಬೈದು ಪ್ರಯೋಜನ ಇಲ್ಲ. ಟ್ರಾಲಿಯ ಸದ್ದು ಎರಡು ಸಾಲು ಆಚೆ ಕೇಳಿದಾಗಲೇ ಕಾಲು ಒಳಗೆಳೆದುಕೊಳ್ಳುವುದು ಈಗ ನಿದ್ದೆಯಲ್ಲೂ ಆಗುತ್ತೆ. ಇನ್ನೊಂದು ಗುಟ್ಟು ಹೇಳುತ್ತೇನೆ. ದಾರಿ ಕಡೆಯ ಹ್ಯಾಂಡ್‌ರೆಸ್ಟ್ ಮೇಲೇಳುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದರ ಅಡಿಯಲ್ಲಿ, ಹಿಂಭಾಗದ ಕೀಲಿನ ಹತ್ತಿರ, ಬೆರಳಾಡಿಸಿ ನೋಡಿ. ಬಹಳಷ್ಟು ಸೀಟುಗಳಲ್ಲಿ ಅಲ್ಲೊಂದು ಸಣ್ಣ ಗುಂಡಿ ಸಿಗುತ್ತೆ. ಒತ್ತಿದರೆ ಹ್ಯಾಂಡ್‌ರೆಸ್ಟ್ ಮೇಲೇಳುತ್ತೆ. ಸೀಟಿನಿಂದ ಏಳುವಾಗ ಸೊಂಟ ತಿರುಚಬೇಕಾಗಿಲ್ಲ. ವಿಮಾನ ಏರುವಾಗ ಇಳಿಯುವಾಗ ಮಾತ್ರ ಕೆಳಗಿಳಿಸಿಡಬೇಕು.

ದೇಶದೊಳಗಿನ ಹಾರಾಟಕ್ಕೆ ಇಷ್ಟು ಸಾಕು. ದೂರದ ಪ್ರಯಾಣದ ಲೆಕ್ಕವೇ ಬೇರೆ. ಅದನ್ನು ಕಲಿಸಿದ್ದು ಅಮ್ಮ.

ತಂಗಿ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅವಳ ಬಾಣಂತನಕ್ಕೆ ಅಂತ ಅಮ್ಮನನ್ನು ಕರೆದುಕೊಂಡು ಹೊರಟೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹತ್ತು ಗಂಟೆ ಹತ್ತಿರ. ಮೂರು-ನಾಲ್ಕು-ಮೂರು ಸೀಟಿನ ವಿಮಾನ. "ಒಂದ್ಸಲ ಹೋಗ್ತಿರೋದು, ನನಗೆ ಕಿಟಕಿ ಪಕ್ಕವೇ ಬೇಕು ಕಣೋ" ಅಂದರು. ಕೊಡಿಸಿದೆ. ನಡುವೆ ನಾನು, ಐಲ್‌ನಲ್ಲಿ ಯಾರೋ ಜರ್ಮನ್ ಹಿರಿಯರು.

ರಾತ್ರಿ ಫ್ಲೈಟು. ಹೊರಗೆ ಕತ್ತಲೆ, ರೆಕ್ಕೆ ತುದಿಯ ದೀಪ ಬಿಟ್ಟರೆ ಏನೂ ಇಲ್ಲ. ಊಟದ ಜೊತೆ ಕೊಟ್ಟ ನೀರಿನ ಕಪ್ಪು ಅಮ್ಮನ ಮುಂದೆ ತುಂಬಿದ ಹಾಗೇ ಇತ್ತು. ಎರಡು ಗಂಟೆ ಬಿಟ್ಟು ಬಗ್ಗಿ ನೋಡಿದೆ, ಆಗಲೂ ತುಂಬಿತ್ತು. ಮೇಲಿನ ಹಾಳೆ ಮುಚ್ಚಳ ಕೂಡ ಕಿತ್ತಿರಲಿಲ್ಲ.

"ಯಾಕಮ್ಮ ನೀರು ಕುಡೀಲಿಲ್ಲ?"

"ಬ್ಯಾಡ ಬಿಡು. ಕುಡಿದ್ರೆ ಏಳಬೇಕಾಗುತ್ತೆ. ಪಾಪ, ಅವ್ರು ಮಲಗವ್ರೆ."

ಅಮ್ಮ ಆ ಜರ್ಮನ್ ಅಜ್ಜನ ನಿದ್ದೆಗೋಸ್ಕರ ಹತ್ತು ಗಂಟೆ ಬಾಯಾರಿಕೊಂಡು ಕೂತಿದ್ದರು. ವಿಮಾನದೊಳಗಿನ ಗಾಳಿ ಮೊದಲೇ ಒಣಗಾಳಿ. ಒತ್ತಡವೂ ಕಡಿಮೆ, ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟರವರೆಗೂ ಇಳಿಸಿಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಆರು ಸಾವಿರ ಅಡಿಯ ಮೇಲೆ ಸ್ವಲ್ಪ. ಅದರ ತುದಿಗಿಂತಲೂ ಎತ್ತರದಲ್ಲಿ ರಾತ್ರಿಯಿಡೀ ನೀರಿಲ್ಲದೆ ಕಾಲು ಇಳಿಬಿಟ್ಟುಕೊಂಡು ಕೂತ ಹಾಗೆ ಆಯ್ತು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಅಮ್ಮನ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಕಾಲಿನ ಮೇಲೆ ಸಾಕ್ಸಿನ ಅಂಚು ಅಷ್ಟಾಳ ಒತ್ತಿತ್ತು. ವೀಲ್‌ಚೇರ್ ಕೇಳಿ ತರಿಸಿಕೊಂಡೆ.

ಪುಣ್ಯಕ್ಕೆ ಅದು ಬರೀ ಊತ, ಎರಡು ದಿನಕ್ಕೆ ಇಳಿಯಿತು. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಆಗುತ್ತೆ. ವಯಸ್ಸಾದವರು, ಗರ್ಭಿಣಿಯರು, ಹೊಸದಾಗಿ ಆಪರೇಷನ್ ಆದವರು ಡಾಕ್ಟರನ್ನು ಕೇಳಿಕೊಂಡೇ ಹೊರಡಬೇಕು. ಕಿಟಕಿ ಸೀಟಿನ ತಪ್ಪೇನೂ ಇಲ್ಲ ಇದರಲ್ಲಿ. ಕಿಟಕಿ ಪಕ್ಕ ಕೂತವರು ಏಳುವುದಿಲ್ಲ, ತೊಂದರೆ ಇರುವುದು ಅಲ್ಲಿ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ತಂಡವೊಂದು ವಿಮಾನದಲ್ಲಿ ಸೋಂಕು ಹೇಗೆ ಹರಡುತ್ತೆ ಅಂತ ನೋಡಲು ಹತ್ತು ಫ್ಲೈಟುಗಳಲ್ಲಿ ಯಾರು ಎಷ್ಟು ಸಲ ಎದ್ದು ಓಡಾಡುತ್ತಾರೆ ಅಂತ ಲೆಕ್ಕ ಹಾಕಿತ್ತು. 2018ರಲ್ಲಿ ಅದು ಪ್ರಕಟವಾಯ್ತು. ಐಲ್‌ನವರಲ್ಲಿ ನೂರಕ್ಕೆ 80 ಜನ ಒಮ್ಮೆಯಾದರೂ ಎದ್ದಿದ್ದರು, ಕಿಟಕಿಯವರಲ್ಲಿ 43 ಮಾತ್ರ. ಹಾಗಾಗಿ ಕಿಟಕಿಯವರಿಗೆ ಬೇರೆಯವರ ಸಂಪರ್ಕ ಕಡಿಮೆ, ನೆಗಡಿ ಕೆಮ್ಮು ಅಂಟುವ ಸಾಧ್ಯತೆಯೂ ಕಡಿಮೆ. ಅದು ಕಿಟಕಿಗೆ ಸಿಕ್ಕ ಒಳ್ಳೇ ಅಂಕ. ನಾನು ಓದಿದಾಗ ನೆನಪಾಗಿದ್ದು ಮಾತ್ರ ಅಮ್ಮನ ಆ ನೀರಿನ ಕಪ್ಪು.

ವಾಪಸ್ ಬರುವಾಗ ಎರಡು-ನಾಲ್ಕು-ಎರಡು ಸೀಟಿನ ವಿಮಾನ ಇರುವ ಟಿಕೆಟ್ಟನ್ನೇ ಹುಡುಕಿದೆ. ಪಕ್ಕದ ಜೋಡಿ ಸೀಟು ಹಿಡಿದರೆ ಮೂರನೆಯವರ ಮುಲಾಜಿಲ್ಲ. ಅಮ್ಮ ಏಳಬೇಕಾದರೆ ನನ್ನ ಭುಜ ತಟ್ಟಿದರೆ ಆಯ್ತು. ತಟ್ಟಿದರು ಕೂಡ, ಆರು ಸಲ. ಒಬ್ಬನೇ ದೂರ ಹೋಗುವಾಗ ನಾನು ನಡುವಿನ ನಾಲ್ಕರ ಅಂಚಿನ ಸೀಟು ತಗೊಳ್ಳುತ್ತೇನೆ. ಪಕ್ಕದ ಮೂರರ ಐಲ್‌ನಲ್ಲಿ ಕೂತರೆ ಒಳಗಿನ ಇಬ್ಬರೂ ನಿಮ್ಮನ್ನೇ ಎಬ್ಬಿಸಬೇಕು. ನಡುವಿನ ನಾಲ್ಕರಲ್ಲಿ ನಿಮ್ಮನ್ನು ಎಬ್ಬಿಸುವವರು ಒಬ್ಬರು, ಇನ್ನೊಬ್ಬರು ಆ ಕಡೆಯಿಂದ ಹೋಗುತ್ತಾರೆ.

ಸೀಟು ಬದಲಾಯಿಸಿಕೊಡಿ ಅಂತ ಕೇಳುವವರ ವಿಷಯ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸರ್" ಅಂತ ಶುರುವಾಗುತ್ತೆ. ಐಲ್‌ಗೆ ಐಲ್ ಆದರೆ, ಅದೂ ಬಲಗಾಲು ಚಾಚೋಕೆ ಆಗುವ ಐಲ್ ಆದರೆ, ಎದ್ದುಬಿಡುತ್ತೇನೆ. ಮಗು ತಾಯಿಯಿಂದ ಬೇರೆಯಾಗಿದ್ದರೆ ಕೇಳುವ ಮೊದಲೇ ಏಳುತ್ತೇನೆ. ನಡುವಿನ ಸೀಟಿಗೆ ಕಳಿಸಿ ತಾವು ಗೆಳೆಯನ ಪಕ್ಕ ಕೂರುವವರಿಗೆ ಮಂಡಿ ತೋರಿಸಿ ಇಲ್ಲ ಅನ್ನುತ್ತೇನೆ. ಸೀಟು ಆರಿಸಿಕೊಳ್ಳುವ ವೆಬ್ ಚೆಕ್-ಇನ್ ದೇಶದೊಳಗೆ ಸಾಮಾನ್ಯವಾಗಿ 48 ಗಂಟೆ ಮೊದಲು ತೆರೆಯುತ್ತೆ. ಆ ಹೊತ್ತಿಗೆ ಅಲಾರಂ ಇಟ್ಟುಕೊಂಡು ಕೂತವನು ನಾನು.

ಹೋದ ಶ್ರಾವಣದಲ್ಲಿ ಅಮ್ಮನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ, ನೆಂಟರ ಮನೆ ಮದುವೆ. ಬೆಳಗ್ಗಿನ ಫ್ಲೈಟು, ರೆಕ್ಕೆಗೆ ಫ್ಯಾನ್ ಇರುವ ಎಟಿಆರ್. ಈ ಚಿಕ್ಕ ವಿಮಾನ ನನಗೆ ತುಂಬಾ ಇಷ್ಟ. ಎರಡು-ಎರಡು ಸೀಟು, ನಡುವಿನ ಸೀಟು ಅನ್ನುವ ಶಿಕ್ಷೆಯೇ ಇಲ್ಲ. ರೆಕ್ಕೆ ತಲೆ ಮೇಲಿರುತ್ತೆ, ಕೆಳಗಿನ ನೋಟಕ್ಕೆ ಅಡ್ಡ ಬರುವುದಿಲ್ಲ. ಹತ್ತುವ ಬಾಗಿಲು ಹಿಂದಿದೆ, ಅದಕ್ಕೆ ಹಿಂದೆ ಕೂತವರೇ ಮೊದಲು ಇಳಿಯುವುದು. ಮುಂದೆ ಫ್ಯಾನಿನ ಪಕ್ಕದ ಸಾಲುಗಳಲ್ಲಿ ಸದ್ದು ಜಾಸ್ತಿ. ಹಿಂದೆ, ಎಡಗಡೆ ಜೋಡಿ ಸೀಟು ಹಿಡಿದೆ. ಅಮ್ಮನಿಗೆ ಕಿಟಕಿ, ನನ್ನ ಬಲಗಾಲಿಗೆ ದಾರಿ.

ಹುಬ್ಬಳ್ಳಿ ಇರುವುದು ವಾಯವ್ಯಕ್ಕೆ. ಬೆಳಗಿನ ಸೂರ್ಯ ಬಲಗಡೆ ಹಿಂದೆ. ಮೋಡ ಹತ್ತಿ ಹಾಸಿದ ಹಾಗೆ ಕೆಳಗೆ ಹರಡಿತ್ತು. ಅದರ ಮೇಲೆ, ಎಡಗಡೆ ಸ್ವಲ್ಪ ಮುಂದೆ, ನಮ್ಮದೇ ವಿಮಾನದ ನೆರಳು ಓಡುತ್ತಿತ್ತು. ನೆರಳಿನ ಸುತ್ತ ಬಣ್ಣದ ಉಂಗುರ, ಒಳಗೆ ನೀಲಿ, ಹೊರಗೆ ಕೆಂಪು. ನೆರಳಿನ ಕಡೆ ಕೂತವರಿಗೆ ಮಾತ್ರ ಕಾಣುವ ಸಂಗತಿ ಇದು. ಬಿಸಿಲು ಕಡೆ ಕೂತವರು ಶೇಡ್ ಎಳೆದುಕೊಂಡು ಮಲಗಿದ್ದರು.

ಅಮ್ಮ ಹಣೆ ಗಾಜಿಗೆ ಒತ್ತಿಕೊಂಡು ನೋಡಿದರು. "ಪ್ರಭಾವಳಿ ಕಟ್ಟವ್ರಲ್ಲೋ ವಿಮಾನಕ್ಕೆ!"

ಉಂಗುರದ ನಡು ಇರುವುದು ನೋಡುವವರ ನೆರಳು ಬೀಳುವ ಜಾಗದಲ್ಲಿ. ನಾವು ಹಿಂದೆ ಕೂತಿದ್ದೆವಲ್ಲ, ನೆರಳು ದೊಡ್ಡದಾಗಿ ಕಂಡಾಗ ಉಂಗುರದ ನಡು ಬಾಲದ ಕಡೆಗೇ ಇತ್ತು. ಮುಂದೆ ಕೂತವರಿಗೆ ಅದು ಮೂತಿಯ ಕಡೆ ಕಾಣುತ್ತೆ ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಅಂದ್ರೆ ಇದು ನಂದೇ?" ಅಂದರು. ಹೌದು ಅಂದೆ. ನೀರಿನ ಬಾಟಲಿ ತೆಗೆದು ಅರ್ಧ ಕುಡಿದು, ಮತ್ತೆ ಗಾಜಿಗೆ ಹಣೆ ಒತ್ತಿದರು.

ಇಳಿಯುವಾಗ ಕೇಳಿದರು, "ನಾಳಿದ್ದು ಸಂಜೆ ಬರೋವಾಗ ಯಾವ ಕಡೆ?"

"ಎಡಕ್ಕೇ ಅಮ್ಮ."